ಅಂಗಡಿಯಲ್ಲಿ ಕಳ್ಳತನ ಹೆಚ್ಚಾಗಿದೆ: ದುಬಾರಿ ಸರಕಿಗೆ ಬೀಗ ಹಾಕಲೇ, ಸಿಕ್ಕಿಬಿದ್ದವರ ಫೋಟೊ ಗೋಡೆಗೆ ಅಂಟಿಸಲೇ?

ಎರಡೂ ಬೇಡ. ದಾವಣಗೆರೆಯಲ್ಲಿ ನಮ್ಮ ತಂದೆಯ ಕಾಲದ ದಿನಸಿ ಅಂಗಡಿಯ ಕೌಂಟರ್ ತೆಗೆಸಿ, ಗಿರಾಕಿಗಳೇ ಬುಟ್ಟಿ ಹಿಡಿದು ಆರಿಸಿಕೊಳ್ಳುವಂತೆ ಮಾಡಿದವನು ನಾನು. ಮೊದಲ ಸ್ಟಾಕ್ ಲೆಕ್ಕದಲ್ಲೇ ತುಪ್ಪ, ಬಾದಾಮಿ, ಶೇವಿಂಗ್ ಬ್ಲೇಡು, ಮಕ್ಕಳ ಹಾಲಿನ ಪುಡಿ ಕಡಿಮೆ ಬಿದ್ದವು. 500 ರೂಪಾಯಿಯ ತುಪ್ಪದಲ್ಲಿ ನನಗೆ ಉಳಿಯುತ್ತಿದ್ದುದು 40. ಒಂದು ಡಬ್ಬಿ ಹೋದರೆ ಅದರ ಅಸಲು ಎತ್ತಲು 12 ಡಬ್ಬಿ ಮಾರಬೇಕು. ಉರಿದುಹೋದೆ.

ಗಾಜಿನ ಕಪಾಟು ಮಾಡಿಸಿ ಬೀಗ ಜಡಿದೆ. ಬೀಗಕ್ಕಿಂತ ದೊಡ್ಡ ತಪ್ಪೆಂದರೆ ಕೀಲಿಕೈಯನ್ನು ನನ್ನ ಜೇಬಿನಲ್ಲಿಟ್ಟುಕೊಂಡದ್ದು. ನಾನು ಎಪಿಎಂಸಿಗೆ ಹೋದರೆ ಅದೂ ಎಪಿಎಂಸಿಗೆ, ಊಟಕ್ಕೆ ಹೋದರೆ ಅದೂ ಮನೆಗೆ. ಕೆಲಸದ ಹುಡುಗರು ‘ಸಾಹುಕಾರರು ಬರಲಿ’ ಎನ್ನುತ್ತಿದ್ದರು. ಕಾದು ಬೇಸತ್ತವರು ಬಾದಾಮಿಯೊಂದನ್ನು ಬಿಟ್ಟು ಉಳಿದದ್ದನ್ನು ಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕ. ತಿಂಗಳ ಸಾಮಾನಿನ ಚೀಟಿ ಹಿಡಿದು ಬರುವವರು ಹಾಗೆ ಮಾಡುವುದಿಲ್ಲ. ಒಂದು ವಸ್ತು ಸಿಗದಿದ್ದರೆ ಅಕ್ಕಿ, ಬೇಳೆ, ಎಣ್ಣೆ ಸಮೇತ ಇಡೀ ಚೀಟಿಯೇ ಬೇರೆ ಅಂಗಡಿಗೆ ಹೋಗುತ್ತದೆ. ಮುಂದಿನ ತಿಂಗಳು ಅವರು ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಇತ್ತ ಹಾಲಿನ ಪುಡಿಯ ಅವಧಿ ಕಪಾಟಿನೊಳಗೇ ಮುಗಿಯಿತು. ಕಳ್ಳರು ಅಷ್ಟನ್ನು ಒಯ್ದಿರಲಿಲ್ಲ.

ನಷ್ಟ ತುಂಬಿಸಿಕೊಂಡದ್ದು ಹೇಗೆ ಎಂದೂ ಹೇಳಿಬಿಡುತ್ತೇನೆ. ಪೊಟ್ಟಣದ ಸರಕನ್ನು ಎಂಆರ್‌ಪಿ ಮೀರಿ ಮಾರುವಂತಿಲ್ಲ. ಹಾಗಾಗಿ ಬಿಡಿಯಾಗಿ ತೂಗಿಕೊಡುವ ಬೇಳೆ, ಬೆಲ್ಲಕ್ಕೆ ಕಿಲೋಗೆ ಎರಡು ರೂಪಾಯಿ ಏರಿಸಿದೆ. ತುಪ್ಪ ಕದ್ದವರು ಯಾರೋ, ದಂಡ ತೆತ್ತವರು ಕಾಲು ಕಿಲೋ ತೊಗರಿಬೇಳೆ ಒಯ್ಯುವವರು.

ಇನ್ನು ಫೋಟೊ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವಿಗೆ ಮೊದಲ ಬಾರಿ ದೋಷಿಯಾದವರು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಕಾನೂನೇ ಅಷ್ಟಕ್ಕೆ ಬಿಡುವಾಗ ಒಬ್ಬರ ಮುಖವನ್ನು ಬೀದಿಗೆ ತರಲು ನೀವು ಯಾರು? ಗುರುತು ತಪ್ಪಿದರಂತೂ ಮಾನನಷ್ಟದ ನೋಟಿಸ್ ನಿಮ್ಮ ಬಾಗಿಲಿಗೇ ಬರಬಹುದು.

ದುಬಾರಿ ಸರಕನ್ನು ಬಿಲ್ ಹಾಕುವವರ ಕಣ್ಣೆದುರಿಗೆ ತನ್ನಿ, ಬೀಗವಿಲ್ಲದೆ. ರಾತ್ರಿ ಬಾಗಿಲು ಹಾಕುವ ಮುನ್ನ ಅದನ್ನಷ್ಟೇ ಎಣಿಸಿ. ನಾನು ಹಾಗೆ ಎಣಿಸತೊಡಗಿದ ಮೇಲೆಯೇ ತಿಳಿದದ್ದು: ಕಳುವಾಯಿತೆಂದು ಗಿರಾಕಿಗಳ ಮೇಲೆ ಹಲ್ಲು ಕಡಿದ ಬಾದಾಮಿಯಲ್ಲಿ ಬಹಳಷ್ಟು ನಮ್ಮ ಅಂಗಡಿಗೆ ಬಂದೇ ಇರಲಿಲ್ಲ, ಸಗಟು ವ್ಯಾಪಾರಿಯ ಬಿಲ್ಲಿನಲ್ಲಿ ಮಾತ್ರ ಇತ್ತು. ಆದ್ದರಿಂದ ಸರಕು ಇಳಿಸಿಕೊಳ್ಳುವಾಗ ಪೆಟ್ಟಿಗೆ ಬಿಚ್ಚಿ ಎಣಿಸದೆ ಯಾವ ಕಾಗದಕ್ಕೂ ಸಹಿ ಮಾಡಬೇಡಿ.