ಪಾಸ್‌ಪೋರ್ಟ್ ಇಲ್ಲದೆ ಓಡಾಡುವ ನಾಲ್ಕು ದೇಶಗಳ ಕತೆ ಬರೆಯುತ್ತಿದ್ದೇನೆ, ಓದುವವರು ನಂಬಬೇಕಾದರೆ ಏನೇನು ಯೋಚಿಸಬೇಕು?

ಮೊದಲು ನಿಮ್ಮ ನಾಲ್ಕು ದೇಶಗಳ ಹೊರಗಿನ ಗಡಿಯನ್ನು ಯಾರು ಕಾಯುತ್ತಾರೆ ಅಂತ ತೀರ್ಮಾನ ಮಾಡಿ. ಒಳಗಿನ ಗೇಟು ತೆಗೆದ ಮೇಲೆ ಒಂದು ದೇಶಕ್ಕೆ ಕಾಲಿಟ್ಟವನು ನಾಲ್ಕಕ್ಕೂ ಕಾಲಿಟ್ಟ ಹಾಗೆ. ಅಂದರೆ ಪಕ್ಕದ ದೇಶದ ಕಾವಲುಗಾರನನ್ನು ನೀವು ನಂಬಲೇಬೇಕು.

ಯುರೋಪಿನ ಶೆಂಗೆನ್ ನೋಡಿ, ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಇಲ್ಲದೆ ಒಂದರಿಂದ ಇನ್ನೊಂದಕ್ಕೆ ಓಡಾಡಬಹುದಾದ ದೇಶಗಳ ಗುಂಪು ಅದು. 1985ರ ಜೂನ್ 14ರಂದು ಐದು ದೇಶಗಳು ಮೊಸೆಲ್ ನದಿಯಲ್ಲಿ, ಶೆಂಗೆನ್ ಎಂಬ ಸಣ್ಣ ಊರಿನ ಹತ್ತಿರ, ಹಡಗಿನ ಮೇಲೆ ಕೂತು ಅದರ ಒಪ್ಪಂದಕ್ಕೆ ಸಹಿ ಹಾಕಿದವು. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರೂ ಕೂಡುವ ಜಾಗ ಅದು. ಆದರೆ ತಪಾಸಣೆ ನಿಂತದ್ದು 1995ರಲ್ಲಿ. ವೀಸಾ ನಿಯಮ ಒಂದೇ ಆಗಬೇಕಿತ್ತು, ಪೊಲೀಸರು ಹುಡುಕುತ್ತಿರುವವರ ಹೆಸರು ಎಲ್ಲ ದೇಶದ ಪೊಲೀಸರಿಗೂ ಕಾಣುವ ಕಂಪ್ಯೂಟರ್ ವ್ಯವಸ್ಥೆ ಬೇಕಿತ್ತು. ರೊಮೇನಿಯಾ, ಬಲ್ಗೇರಿಯಾ 2007ರಲ್ಲೇ ಯುರೋಪಿಯನ್ ಒಕ್ಕೂಟ ಸೇರಿದರೂ ಅವುಗಳ ರಸ್ತೆ ಗಡಿಯ ತಪಾಸಣೆ ಹೋದದ್ದು 2025ರ ಜನವರಿ 1ಕ್ಕೆ. ನಿಮ್ಮ ಕತೆಯಲ್ಲೂ ಹೀಗೆ ಬಾಗಿಲಲ್ಲಿ ಕಾಯುವ ಒಂದು ದೇಶ ಇದ್ದರೆ ಎಷ್ಟು ಜೀವ ಬರುತ್ತದೆ, ಅಲ್ವಾ?

ಇನ್ನೊಂದು, ತೆಗೆದ ಗೇಟು ವಾಪಸ್ ಬರಬಹುದು. ಶೆಂಗೆನ್ ನಿಯಮದಲ್ಲೇ ಅದಕ್ಕೆ ಅವಕಾಶ ಇದೆ, 2020ರಲ್ಲಿ ಎಷ್ಟೋ ದೇಶಗಳು ಗಡಿ ತಪಾಸಣೆ ಮತ್ತೆ ಶುರು ಮಾಡಿದವು. ನಾನು ಇದನ್ನು ಕಣ್ಣಾರೆ ಕಂಡದ್ದು ನಮ್ಮ ಬೀದರ್ ಜಿಲ್ಲೆಯಲ್ಲಿ. ನಮ್ಮೂರು ಕಮಲನಗರದ ಕಡೆ, ಅಕ್ಕನನ್ನು ಕೊಟ್ಟದ್ದು ಉದಗೀರಕ್ಕೆ. 1956ರವರೆಗೆ ಉದಗೀರವೂ ಬೀದರ್ ಜಿಲ್ಲೆಯಲ್ಲೇ ಇತ್ತು, ಆಮೇಲೆ ಗೆರೆಯ ಆ ಕಡೆ ಹೋಯಿತು, ಈಗ ಮಹಾರಾಷ್ಟ್ರದಲ್ಲಿದೆ. ಆದರೂ ಹೆಣ್ಣು ಕೊಡುವುದು ತರುವುದು, ಸಂತೆ, ಬಸ್ಸು ಯಾವುದೂ ನಿಲ್ಲಲಿಲ್ಲ. ಗಡಿ ಎಲ್ಲಿದೆ ಅಂತ ನಮಗೆ ಬೋರ್ಡಿನ ಅಕ್ಷರ ಬದಲಾದಾಗ ಮಾತ್ರ ಗೊತ್ತಾಗುತ್ತಿತ್ತು. 2021ರ ಪಂಚಮಿಗೆ ಅಕ್ಕ ತವರಿಗೆ ಹೊರಟಳು. ಕೊರೊನಾ ಟೆಸ್ಟಿನ ರಿಪೋರ್ಟ್ ಹಳೆಯದಾಗಿದೆ ಅಂತ ಚೆಕ್‌ಪೋಸ್ಟಿನಲ್ಲಿ ಬಿಡಲಿಲ್ಲ. ಅಪ್ಪನಿಗೆ ಮೈ ಸರಿ ಇರಲಿಲ್ಲ, ಆದರೂ ಮಗಳನ್ನು ನೋಡಲೇಬೇಕು ಅಂತ ಹಟ ಹಿಡಿದರು, ಬೈಕಿನ ಮೇಲೆ ಕೂರಿಸಿಕೊಂಡು ಹೋದೆ. ಈ ಕಡೆ ಅಪ್ಪ, ಆ ಕಡೆ ಅಕ್ಕ, ನಡುವೆ ಬ್ಯಾರಿಕೇಡ್. ಅವ್ವ ಕಟ್ಟಿಕೊಟ್ಟ ಉಂಡಿ ಡಬ್ಬಿಯನ್ನು ಅದರ ಮೇಲಿಂದಲೇ ಕೊಟ್ಟು ವಾಪಸ್ ಬಂದೆವು. ಇವತ್ತಿಗೂ ಆ ದಾರಿಯಲ್ಲಿ ಹೋಗುವಾಗ ಗಂಟಲು ಕಟ್ಟುತ್ತದೆ.

ಅದಕ್ಕೇ ಕೇಳುತ್ತೇನೆ, ನಿಮ್ಮ ನಾಲ್ಕು ದೇಶಗಳಲ್ಲಿ ಯಾವುದು ಮೊದಲು ಗೇಟು ಹಾಕುತ್ತದೆ, ಯಾವ ಕಾರಣಕ್ಕೆ? ಅದನ್ನು ಈಗಲೇ ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಬೇಡ ಅಂದ ಮಾತ್ರಕ್ಕೆ ಪಾತ್ರಗಳನ್ನು ಬರಿಗೈಯಲ್ಲಿ ಕಳಿಸಬೇಡಿ. ನಾವು ನೇಪಾಳಕ್ಕೆ ಹೋಗಲು ವೋಟರ್ ಕಾರ್ಡ್ ಸಾಕು, ಆದರೆ ಅದಾದರೂ ಜೇಬಿನಲ್ಲಿ ಇರಬೇಕು.