ಎಲ್ಲ ಸಮಾಜಗಳ ನಂಬಿಕೆಯೂ ಒಂದೇನಾ?

ನಮಸ್ಕಾರ. ಕೊಡವರಾದ ನಿಮ್ಮ ಐನ್‌ಮನೆಯಲ್ಲಿ (ಕುಲದ ಮೂಲ ಮನೆ) ಕಾರೋಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮೀದಿ (ಎಡೆ) ಇಡುವುದನ್ನು ಹೇಳಿ, ಇಂಥ ನಂಬಿಕೆ ಜಗತ್ತಿನ ಎಲ್ಲರಲ್ಲೂ ಇದೆಯಾ, ಮೌಲ್ಯಗಳೂ ಒಂದೇನಾ ಅಂತ ಕೇಳಿದ್ದೀರಿ. ನನಗೆ ಕಾಣುವಂತೆ ಮೌಲ್ಯಗಳಲ್ಲಿ ಹೋಲಿಕೆ ಜಾಸ್ತಿ, ದೈವದ ಕಲ್ಪನೆಯಲ್ಲಿ ಕಡಿಮೆ.

ಆಕ್ಸ್‌ಫರ್ಡ್‌ನ ಮಾನವಶಾಸ್ತ್ರಜ್ಞರು 60 ಸಮಾಜಗಳ ದಾಖಲೆಗಳನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಬಂಧುಗಳಿಗೆ ನೆರವು, ಗುಂಪಿಗೆ ನಿಷ್ಠೆ, ಉಪಕಾರ ತೀರಿಸುವುದು, ಧೈರ್ಯ, ತಮಗಿಂತ ಮೇಲಿನವರಿಗೆ ತಲೆಬಾಗುವುದು, ನ್ಯಾಯವಾಗಿ ಹಂಚಿಕೊಳ್ಳುವುದು, ಇನ್ನೊಬ್ಬರ ಸ್ವತ್ತಿಗೆ ಕೈಹಾಕದಿರುವುದು. ಈ ಏಳು ಕಂಡಲ್ಲೆಲ್ಲ, ಹೆಚ್ಚೂಕಡಿಮೆ ಯಾವಾಗಲೂ, ಜನ ಒಳ್ಳೆಯದೆಂದೇ ಎಣಿಸಿದ್ದರು. ಯಾವುದಕ್ಕೆ ಮೊದಲ ಜಾಗ ಅನ್ನುವುದು ಬೇರೆ ಬೇರೆ.

ದೈವದ ವಿಷಯ ಹಾಗಲ್ಲ. ನಮ್ಮ ತಪ್ಪು ಒಪ್ಪು ನೋಡುವ, ಎಲ್ಲವನ್ನೂ ಸೃಷ್ಟಿಸಿದ ಒಬ್ಬ ದೇವರು ಎಷ್ಟೋ ಸಮಾಜಗಳಲ್ಲಿ ಇಲ್ಲವೇ ಇಲ್ಲ. ಸತ್ತವರ ಜೊತೆ ನಂಟು ಉಳಿಸಿಕೊಳ್ಳುವುದು ಮಾತ್ರ ತುಂಬ ಕಡೆ ಇದೆ. ಜಪಾನಿನ ಒಬೋನ್, ಚೀನಾದ ಚಿಂಗ್‌ಮಿಂಗ್, ಮೆಕ್ಸಿಕೋದಲ್ಲಿ ನವೆಂಬರ್ 1 ಮತ್ತು 2ರಂದು ನಡೆಯುವ ಸತ್ತವರ ಹಬ್ಬ ನೋಡಿ. ಅಲ್ಲೂ ಹಿರಿಯರಿಗೆ ತಿನಿಸು ಇಡುತ್ತಾರೆ. ಆದರೆ ಇಡುವುದು ಏನು? ಕೊಡವರು ಕಾರೋಣರಿಗೆ ಮಾಂಸ, ಮದ್ಯ ಇಡುತ್ತಾರೆ. ಅದೇ ಮಡಿಕೇರಿಯ ಬ್ರಾಹ್ಮಣರ ಮನೆಯ ತಿಥಿಯಲ್ಲಿ ಅದನ್ನು ಊಹಿಸಲೂ ಆಗದು. ಹಿರಿಯರ ಮೇಲಿನ ಪ್ರೀತಿಯಲ್ಲಿ ಇಬ್ಬರಿಗೂ ಕೊರತೆಯಿಲ್ಲ, ಅಲ್ವಾ?

ಹಾಗಂತ ಎಲ್ಲವನ್ನೂ ಒಂದೇ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಕಾಡಿನ ಜೊತೆ ಜೇನುಕುರುಬರಿಗಿರುವ ನಂಟನ್ನು ಸುಮ್ನೆ ಪ್ರಕೃತಿ ಪೂಜೆ ಅಂದುಬಿಟ್ಟರೆ, ಅವರ ದೈವಗಳು, ಅವರ ಹಿರಿಯರನ್ನು ಮಣ್ಣು ಮಾಡಿದ ಜಾಗಗಳು ಯಾವುದೂ ಲೆಕ್ಕಕ್ಕೇ ಬರುವುದಿಲ್ಲ. ಅದು ಅನ್ಯಾಯ. ನೀವೂ ಮನೆಯ ಹಿರಿಯರನ್ನು ಕೂರಿಸಿಕೊಂಡು, ಮೀದಿ ಯಾರಿಗೆ, ಯಾವಾಗ, ಏಕೆ ಅಂತ ಕೇಳಿ ಬರೆದಿಡಿ.