ಷ್ನೈಡರ್‌ಗೆ ಯಾಕೆ ಕೊಡಲಿಲ್ಲ?

ಟೊರಾಂಟೊ ಪಕ್ಕದ ಮಿಸಿಸಾಗಾದಿಂದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "2024ರಲ್ಲಿ ನಮ್ಮ ಟೊರಾಂಟೊದ ಬೇಸ್‌ಬಾಲ್ ತಂಡ ಬ್ಲೂ ಜೇಸ್ ತನ್ನ ಗುಂಪಿನ ಕೊನೇ ಸ್ಥಾನದಲ್ಲಿತ್ತು. 2025ರಲ್ಲಿ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಜಾನ್ ಷ್ನೈಡರ್ ಅದೇ ತಂಡವನ್ನು ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದವರೆಗೆ ತಂದು ನಿಲ್ಲಿಸಿದರು. ಅಮೆರಿಕನ್ ಲೀಗಿನ ವರ್ಷದ ಮ್ಯಾನೇಜರ್ ಪ್ರಶಸ್ತಿ ಮಾತ್ರ ಮೊದಲ ಸುತ್ತಿನಲ್ಲೇ ಸೋತ ಕ್ಲೀವ್‌ಲ್ಯಾಂಡಿನ ಸ್ಟೀಫನ್ ವೋಗ್ಟ್‌ಗೆ ಹೋಯಿತು. ಇನ್ನೊಂದು ಅರ್ಧವಾದ ನ್ಯಾಷನಲ್ ಲೀಗಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಕೈಲಿ 4-0 ಸೋತ ಮಿಲ್ವಾಕಿಯ ಪ್ಯಾಟ್ ಮರ್ಫಿಗೆ ಕೊಟ್ಟರು. ಸತತ ಎರಡನೇ ಸಲ ಚಾಂಪಿಯನ್ ಆದ ಡಾಡ್ಜರ್ಸ್‌ನ ಡೇವ್ ರಾಬರ್ಟ್ಸ್‌ಗೂ ಇಲ್ಲ. ಇದ್ಯಾವ ನ್ಯಾಯ ಸಂಪಾದಕರೇ? ಕ್ರಿಕೆಟ್ ನೋಡಿ ಬೆಳೆದ ನನಗೆ ಈ ಲೆಕ್ಕ ತಲೆಗೆ ಹೋಗುತ್ತಿಲ್ಲ. ಮುಂದಿನ ಸಲವಾದರೂ ಷ್ನೈಡರ್‌ಗೆ ಸಿಗುತ್ತಾ?"

ಮೇಡಂ, ನಿಮ್ಮ ಸಿಟ್ಟಿನಲ್ಲಿ ಅರ್ಧವನ್ನು ಮೊದಲೇ ಇಳಿಸಿಬಿಡುತ್ತೇನೆ. ಈ ಪ್ರಶಸ್ತಿಗೆ ಮತ ಬಿದ್ದಾಗ ಏಳನೇ ಪಂದ್ಯದ ಮಾತು ಹಾಗಿರಲಿ, ಪ್ಲೇಆಫ್‌ನ, ಅಂದರೆ ಅಕ್ಟೋಬರ್‌ನ ನಾಕೌಟ್ ಹಂತದ, ಮೊದಲ ಪಂದ್ಯವೂ ನಡೆದಿರಲಿಲ್ಲ. ಅಮೆರಿಕದ ಬೇಸ್‌ಬಾಲ್ ಬರಹಗಾರರ ಸಂಘ 1983ರಿಂದ ಇದನ್ನು ಕೊಡುತ್ತಾ ಬಂದಿದೆ. ಲೀಗಿಗೆ 15 ತಂಡ, ತಂಡದ ಊರಿಗೆ ಇಬ್ಬರಂತೆ 30 ವರದಿಗಾರರು ಮತ ಹಾಕುತ್ತಾರೆ. ಒಬ್ಬೊಬ್ಬರೂ ಮೂರು ಹೆಸರು ಬರೆಯಬೇಕು. ಮೊದಲನೆಯದಕ್ಕೆ 5 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 1. 162 ಪಂದ್ಯ ಮುಗಿದ ಕೂಡಲೇ, ಪ್ಲೇಆಫ್‌ಗೆ ಮುಂಚೆ ಕಳಿಸಿಬಿಡಬೇಕು. ಫಲಿತಾಂಶ ಹೊರಬೀಳುವುದು ನವೆಂಬರ್‌ನಲ್ಲಿ. ಅಷ್ಟರಲ್ಲಿ ಎಲ್ಲರ ತಲೆಯಲ್ಲೂ ಅಕ್ಟೋಬರ್ ಮಾತ್ರ ಉಳಿದಿರುತ್ತದೆ. ವೋಗ್ಟ್ ಮೊದಲ ಸುತ್ತಿನಲ್ಲಿ ಸೋತಿದ್ದು ಮತ ಹಾಕಿದವರಿಗೆ ಗೊತ್ತೇ ಇರಲಿಲ್ಲ, ಅಲ್ವಾ?

ಈ ನಿಯಮ ನನಗೆ ಸರಿ ಅನ್ನಿಸುತ್ತದೆ. ಕಪ್ ಗೆದ್ದವರಿಗೆ ಕಪ್ ಇದೆ. ಆರು ತಿಂಗಳು ಹೆಚ್ಚುಕಮ್ಮಿ ದಿನಾ ನಡೆಯುವ ಆಟವನ್ನು ನಡೆಸಿಕೊಂಡು ಹೋದದ್ದಕ್ಕೆ ಬೇರೆ ಲೆಕ್ಕ ಇರಲಿ.

ಉಳಿದ ಅರ್ಧ ಸಿಟ್ಟು ನನಗೂ ಇದೆ. ಮಾರ್ಚ್‌ನಲ್ಲಿ ಇದೇ ವರದಿಗಾರರು ಕೂತು ಯಾವ ತಂಡ ಎಷ್ಟನೇ ಸ್ಥಾನಕ್ಕೆ ಬರುತ್ತೆ ಅಂತ ಬರೆಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಅದಕ್ಕಿಂತ ಜಾಸ್ತಿ ಗೆದ್ದವರು ಯಾರು ಅಂತ ನೋಡುತ್ತಾರೆ. ಅಂತರ ದೊಡ್ಡದಾಗಿದ್ದರೆ ಆ ಮ್ಯಾನೇಜರ್ ಕೊರಳಿಗೆ ಹಾರ. ತಮ್ಮ ಊಹೆಯೇ ಕೆಟ್ಟದಿತ್ತೇನೋ ಅಂತ ಯಾರೂ ಕೇಳಿಕೊಳ್ಳುವುದಿಲ್ಲ. ಹೀಗಾಗಿ ವರದಿಗಾರರಿಗೆ ಆದ ಆಶ್ಚರ್ಯಕ್ಕೆ ಮ್ಯಾನೇಜರ್ ಹೆಸರಲ್ಲಿ ಪ್ರಶಸ್ತಿ ಕೊಟ್ಟ ಹಾಗಾಗುತ್ತದೆ.

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಇಲ್ಲಿ ಪೂರ್ತಿ ಉಲ್ಟಾ. ನಿಮ್ಮ ಟೊರಾಂಟೊವನ್ನೇ ತಗೊಳ್ಳಿ. ಸಿಟೊ ಗ್ಯಾಸ್ಟನ್ 1992 ಮತ್ತು 1993ರಲ್ಲಿ ಸತತವಾಗಿ ವರ್ಲ್ಡ್ ಸೀರೀಸ್ ಗೆದ್ದರು. ಹಾಗೆ ಗೆದ್ದ ಮೊದಲ ಕರಿಯ ಮ್ಯಾನೇಜರ್ ಅವರು. ಆ ಎರಡು ವರ್ಷ ಪ್ರಶಸ್ತಿ ಪಡೆದವರು ಓಕ್‌ಲ್ಯಾಂಡಿನ ಟೋನಿ ಲಾರೂಸಾ ಮತ್ತು ಷಿಕಾಗೊ ವೈಟ್ ಸಾಕ್ಸ್‌ನ ಜೀನ್ ಲಾಮಾಂಟ್. ಗ್ಯಾಸ್ಟನ್‌ಗೆ ಕೊನೆವರೆಗೂ ಸಿಗಲೇ ಇಲ್ಲ. ಜೇಸ್ ತಂಡದಲ್ಲಿದ್ದು ಇದನ್ನು ಪಡೆದವರು 1985ರ ಬಾಬಿ ಕಾಕ್ಸ್ ಒಬ್ಬರೇ. ಟೆರಿ ಫ್ರಾಂಕೋನಾ ಬಾಸ್ಟನ್‌ಗೆ 2004 ಮತ್ತು 2007ರಲ್ಲಿ ಕಪ್ ತಂದುಕೊಟ್ಟರು, ಪ್ರಶಸ್ತಿ ಬರಲಿಲ್ಲ. ಕ್ಲೀವ್‌ಲ್ಯಾಂಡಿಗೆ ಹೋದ ಮೇಲೆ ಮೂರು ಸಲ ಬಂತು, ಕಪ್ ಬರಲಿಲ್ಲ! ಬ್ರೂಸ್ ಬೋಚಿ ಸ್ಯಾನ್ ಫ್ರಾನ್ಸಿಸ್ಕೊಗೆ ಮೂರು ಕಪ್ ಗೆದ್ದುಕೊಟ್ಟರು. ಅವರ ಒಂದೇ ಒಂದು ಪ್ರಶಸ್ತಿ 1996ರದ್ದು, ಅದೂ ಸ್ಯಾನ್ ಡಿಯೇಗೊದಲ್ಲಿದ್ದಾಗ. 2018ರಲ್ಲಿ ಅಲೆಕ್ಸ್ ಕೋರಾ ಬಾಸ್ಟನ್‌ನಲ್ಲಿ 108 ಪಂದ್ಯ ಗೆದ್ದರೆ, ಬಡ ಓಕ್‌ಲ್ಯಾಂಡಿನಲ್ಲಿ 97 ಗೆದ್ದ ಬಾಬ್ ಮೆಲ್ವಿನ್‌ಗೆ ಕೊಟ್ಟರು.

ಇದರ ತುತ್ತತುದಿ ಅಂದರೆ 2006ರ ಜೋ ಜಿರಾರ್ಡಿ. ಫ್ಲೋರಿಡಾ ಮಾರ್ಲಿನ್ಸ್ ತಂಡ ಇಡೀ ಆಟಗಾರರ ಸಂಬಳವನ್ನು ಒಂದೂವರೆ ಕೋಟಿ ಡಾಲರ್ ಆಸುಪಾಸಿಗೆ ಇಳಿಸಿ, ಹೊಸ ಹುಡುಗರನ್ನು ಕಟ್ಟಿ ಕೂರಿಸಿತ್ತು. ಮೊದಲ 42 ಪಂದ್ಯಗಳಲ್ಲಿ 31 ಸೋತರು. ಅಲ್ಲಿಂದ ಎದ್ದು ಬಂದು 78-84ಕ್ಕೆ ಮುಗಿಸಿದರು. ಸೋಲೇ ಜಾಸ್ತಿ ಇದ್ದ ಮ್ಯಾನೇಜರ್‌ಗೆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಮಜಾ ಅಂದರೆ, ಪ್ರಶಸ್ತಿ ಘೋಷಣೆ ಆಗುವ ಹೊತ್ತಿಗೆ ಜಿರಾರ್ಡಿಗೆ ಕೆಲಸ ಇರಲಿಲ್ಲ. ಮಾಲೀಕರ ಜೊತೆ ಸರಿಬರದೆ ಅಕ್ಟೋಬರ್‌ನಲ್ಲೇ ಮನೆಗೆ ಕಳಿಸಿದ್ದರು. 1997ರಲ್ಲಿ ಬಾಲ್ಟಿಮೋರಿನ ಡೇವಿ ಜಾನ್ಸನ್ ಪ್ರಶಸ್ತಿ ಬಂದ ದಿನವೇ ರಾಜೀನಾಮೆ ಕೊಟ್ಟರು. ಅದೇ ಬಾಲ್ಟಿಮೋರಿನಲ್ಲಿ 2023ರ ವಿಜೇತ ಬ್ರ್ಯಾಂಡನ್ ಹೈಡ್ 2025ರ ಮೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು. ಬರೆಯುವವರು ಮೆಚ್ಚಿದರೂ ಸಂಬಳ ಕೊಡುವವರು ಮೆಚ್ಚಬೇಕು ಅಂತೇನಿಲ್ಲ.

ಈಗ 2025ಕ್ಕೆ ಬರೋಣ. ನ್ಯಾಷನಲ್ ಲೀಗಿನಲ್ಲಿ ಮರ್ಫಿಗೆ ಕೊಟ್ಟಿದ್ದರ ಬಗ್ಗೆ ನನ್ನದೇನೂ ತಕರಾರಿಲ್ಲ. ಮಿಲ್ವಾಕಿಯ ಹಿಂದಿನ ಮ್ಯಾನೇಜರ್ ಕ್ರೇಗ್ ಕೌನ್ಸೆಲ್‌ನನ್ನು ಷಿಕಾಗೊ ಕಬ್ಸ್ ಐದು ವರ್ಷಕ್ಕೆ ನಾಲ್ಕು ಕೋಟಿ ಡಾಲರ್ ಕೊಟ್ಟು ಎತ್ತಿಕೊಂಡು ಹೋಯಿತು. ಆ ಖಾಲಿ ಕುರ್ಚಿಗೆ ಬಂದವರು ಮರ್ಫಿ. ಕಾಲೇಜಿನಲ್ಲಿ ಕೌನ್ಸೆಲ್‌ಗೆ ಆಟ ಹೇಳಿಕೊಟ್ಟ ಮೇಷ್ಟ್ರು ಅವರೇ. 2025ರ ಸೀಸನ್ ಶುರುವಾದದ್ದೇ ನಾಲ್ಕು ಸೋಲುಗಳಿಂದ, ಅದರಲ್ಲಿ ಒಂದು ದಿನ ನ್ಯೂಯಾರ್ಕ್ ಯಾಂಕೀಸ್ ಒಂಬತ್ತು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಬಾರಿಸಿತ್ತು. ಮುಗಿಸಿದ್ದು 97 ಗೆಲುವಿಗೆ, ಎರಡೂ ಲೀಗಿಗೆ ಅತಿ ಹೆಚ್ಚು. ನಡುವೆ ಸತತ 14 ಗೆಲುವು. ಆಟ ನಡೆಯುವಾಗಲೇ ಟಿವಿಯವರ ಜೊತೆ ಮಾತಾಡುತ್ತಾ ಜೇಬಿನಿಂದ ಪ್ಯಾನ್‌ಕೇಕ್ ತೆಗೆಯುವ ಆಸಾಮಿ ಇವರು. ನಮ್ಮ ಕಡೆಯ ಕೋಚ್ ಒಬ್ಬರು ಪಂದ್ಯದ ಮಧ್ಯೆ ಜೇಬಿನಿಂದ ದೋಸೆ ತೆಗೆದರೆ ಹೇಗಿರುತ್ತೆ ಊಹಿಸಿ! ದೊಡ್ಡ ಹೆಸರುಗಳಿಲ್ಲದ ಡ್ರೆಸಿಂಗ್ ರೂಮಿನಲ್ಲಿ ಹುಡುಗರ ಬಿಗುವು ಇಳಿಸುವುದಕ್ಕೆ ಇಂಥ ಚೇಷ್ಟೆಯೂ ಬೇಕು ಅಂತ ಕಾಣುತ್ತೆ.

ಅಮೆರಿಕನ್ ಲೀಗಿನದ್ದು ನಿಜವಾದ ಜಗಳ. ವೋಗ್ಟ್ ಪರವಾಗಿ ಹೇಳುವುದು ಸುಲಭ. ಜುಲೈ ಮೊದಲ ವಾರ ಕಳೆದಾಗ ಕ್ಲೀವ್‌ಲ್ಯಾಂಡ್ ಗುಂಪಿನಲ್ಲಿ ಮುಂದಿದ್ದ ಡೆಟ್ರಾಯಿಟ್‌ಗಿಂತ, ಗೆಲುವು-ಸೋಲಿನ ಲೆಕ್ಕದಲ್ಲಿ, ಹದಿನೈದೂವರೆ ಪಂದ್ಯ ಹಿಂದಿತ್ತು. ಇಬ್ಬರು ಪಿಚರ್‌ಗಳು (ಚೆಂಡು ಎಸೆಯುವವರು) ಬೆಟ್ಟಿಂಗ್ ತನಿಖೆಯಿಂದಾಗಿ ಜುಲೈನಲ್ಲೇ ತಂಡದಿಂದ ಹೊರಗೆ. ಬ್ಯಾಟಿಂಗ್ ಅಂತೂ ಲೀಗಿನ ಕೊನೇ ಸಾಲಿನದ್ದು. ಆದರೂ ಹಿಡಿದುಬಿಟ್ಟರು, ಗುಂಪು ಗೆದ್ದರು. ಇಷ್ಟು ಹಿಂದಿನಿಂದ ಬಂದು ಗೆದ್ದ ತಂಡ ಈ ಆಟದ ಚರಿತ್ರೆಯಲ್ಲೇ ಇನ್ನೊಂದಿಲ್ಲ. 30 ಜನ ವರದಿಗಾರರು ಇದನ್ನು ಕಂಡು ಬೆರಗಾಗದೆ ಇರುತ್ತಾರಾ?

ಆದರೆ ಒಂದು ಮಾತು. ಅಷ್ಟು ಹಿಂದೆ ಬಿದ್ದಿದ್ದು ಯಾಕೆ? ಜೂನ್ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಸತತ ಹತ್ತು ಪಂದ್ಯ ಸೋತಿದ್ದರು. ಆಗಲೂ ಮ್ಯಾನೇಜರ್ ವೋಗ್ಟ್ ಅವರೇ. ಸೆಪ್ಟೆಂಬರ್‌ನಲ್ಲಿ ಡೆಟ್ರಾಯಿಟ್ ತಾನಾಗಿ ಕುಸಿಯದೇ ಹೋಗಿದ್ದರೆ ಈ ಕತೆ ಇರುತ್ತಲೇ ಇರಲಿಲ್ಲ. ಕೊನೆಗೆ ಬಂದ ಲೆಕ್ಕ 88 ಗೆಲುವು. ಒಂದೇ ಸಮನೆ 88 ಗೆದ್ದಿದ್ದರೆ ಅವರಿಗೆ ಪ್ರಶಸ್ತಿ ಬರುತ್ತಿತ್ತಾ? ನನಗಂತೂ ಅನುಮಾನ.

ಷ್ನೈಡರ್ ತಂಡ 74 ಗೆಲುವಿನಿಂದ 94ಕ್ಕೆ ಏರಿತು. ಯಾಂಕೀಸೂ 94 ಗೆದ್ದಿತ್ತು. ಇಬ್ಬರ ನಡುವಿನ ಪಂದ್ಯಗಳಲ್ಲಿ 8-5 ಮುಂದಿದ್ದರಿಂದ ಗುಂಪು ಟೊರಾಂಟೊದ್ದಾಯಿತು. ತಂಡದ ಸ್ವಭಾವವೇ ಬದಲಾಗಿತ್ತು. ಕಣ್ಣು ಮುಚ್ಚಿ ಬೀಸಿ, ಮೂರು ಸಲ ತಪ್ಪಿ ಸ್ಟ್ರೈಕ್‌ಔಟ್ ಆಗುವ ಕಾಲದಲ್ಲಿ ಇವರು ಚೆಂಡಿಗೆ ಬ್ಯಾಟ್ ತಾಗಿಸಿದರು, ಲೀಗಿನಲ್ಲೇ ಒಳ್ಳೆ ಬ್ಯಾಟಿಂಗ್ ಸರಾಸರಿ ತಂದರು. ಎರ್ನಿ ಕ್ಲೆಮೆಂಟ್, ನೇಥನ್ ಲ್ಯೂಕ್ಸ್‌ರಂಥ ಹೆಸರಿಲ್ಲದವರನ್ನು ಯಾವತ್ತು ಆಡಿಸಬೇಕು, ಯಾವತ್ತು ಕೂರಿಸಬೇಕು ಅಂತ ದಿನಾ ತೀರ್ಮಾನ ಮಾಡಿದವರು ಷ್ನೈಡರ್. ಇದರಲ್ಲಿ ಆ ವರ್ಷವೇ ಬಂದ ಬ್ಯಾಟಿಂಗ್ ಕೋಚ್ ಡೇವಿಡ್ ಪಾಪ್ಕಿನ್ಸ್ ಪಾಲೂ ಇದೆ, ಅದನ್ನು ಮರೆಯಬಾರದು. ಆದರೂ ನನ್ನ ಕೈಲಿ ಮತ ಇದ್ದಿದ್ದರೆ ಮೊದಲ ಹೆಸರು ಷ್ನೈಡರ್‌ದೇ ಬರೆಯುತ್ತಿದ್ದೆ, ಎರಡನೆಯದು ವೋಗ್ಟ್. ವರ್ಲ್ಡ್ ಸೀರೀಸ್‌ಗಾಗಿ ಅಲ್ಲ, ಆ ಆರು ತಿಂಗಳಿಗಾಗಿ.

ಕ್ರಿಕೆಟ್ ಮಾತು ಎತ್ತಿದಿರಿ. ಅಲ್ಲಿ ಬೌಲರ್ ಬದಲಿಸುವವನು ಮೈದಾನದಲ್ಲಿರುವ ಕ್ಯಾಪ್ಟನ್. ಬುಮ್ರಾನ ನಾಲ್ಕು ಓವರ್ ಹಾಕಿಸಿ ನಿಲ್ಲಿಸಿದರೂ ಸಂಜೆ ಮತ್ತೆ ಕರೆಯಬಹುದು. ಇಲ್ಲಿ ಆ ಕೆಲಸ ಡಗೌಟ್‌ನಲ್ಲಿ ತಂಡದ ಯೂನಿಫಾರ್ಮ್ ಹಾಕಿಕೊಂಡು ನಿಂತ ಮ್ಯಾನೇಜರ್‌ದು. ತೆಗೆದ ಪಿಚರ್ ಆ ಪಂದ್ಯಕ್ಕೆ ಮತ್ತೆ ವಾಪಸ್ ಬರುವ ಹಾಗಿಲ್ಲ. ಹಾಗಾಗಿ ಒಂದೊಂದು ಬದಲಾವಣೆಗೂ ಎದೆಗಾರಿಕೆ ಬೇಕು, ತಪ್ಪಾದರೆ ಊರೆಲ್ಲ ಬೈಯುತ್ತೆ.

2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಟ್ಯಾಂಪಾ ಬೇ 1-0 ಮುಂದಿದೆ. ಬ್ಲೇಕ್ ಸ್ನೆಲ್ ಬರೀ 73 ಎಸೆತದಲ್ಲಿ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ ಕುಣಿಸುತ್ತಿದ್ದಾನೆ. ಆರನೇ ಇನಿಂಗ್ಸ್‌ನಲ್ಲಿ ಒಂದು ಸಿಂಗಲ್ ಬಿತ್ತು. ಮ್ಯಾನೇಜರ್ ಕೆವಿನ್ ಕ್ಯಾಷ್ ನಡೆದು ಬಂದು ಚೆಂಡು ಇಸ್ಕೊಂಡರು. ಮೂಕಿ ಬೆಟ್ಸ್ ಮೂರನೇ ಸಲ ಅದೇ ಪಿಚರ್‌ನನ್ನು ಎದುರಿಸುವುದು ಬೇಡ ಅನ್ನುವುದು ಅವರ ಲೆಕ್ಕ. ಬಂದ ಹೊಸ ಪಿಚರ್‌ಗೆ ಬೆಟ್ಸ್ ಡಬಲ್ ಹೊಡೆದ, ಅದೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ ಮುಂದೆ ಹೋಯಿತು, 3-1ಕ್ಕೆ ಕಪ್ ಗೆದ್ದಿತು. ಎರಡು ವಾರ ಕಳೆದು ವರ್ಷದ ಮ್ಯಾನೇಜರ್ ಅಂತ ಕ್ಯಾಷ್ ಹೆಸರೇ ಬಂತು! ಎಲ್ಲರೂ ನಕ್ಕರು. ಆದರೆ 60 ಪಂದ್ಯದ ಆ ಸೀಸನ್‌ನಲ್ಲಿ 40 ಗೆಲ್ಲಿಸಿದ್ದೂ ಅದೇ ಲೆಕ್ಕಾಚಾರವೇ. ಕ್ಯಾಷ್‌ಗೆ ಕೊಟ್ಟದ್ದು ತಪ್ಪಲ್ಲ.

ಆ ದಿನ ಎದುರು ಡಗೌಟ್‌ನಲ್ಲಿ ನಿಂತಿದ್ದವರು ಡೇವ್ ರಾಬರ್ಟ್ಸ್. ಇನ್ನು 2025ರ ಏಳನೇ ಪಂದ್ಯ. ನೋವಾಗುತ್ತೆ, ಗೊತ್ತು, ಆದರೂ ಹೇಳಬೇಕು. ಒಂಬತ್ತನೇ ಇನಿಂಗ್ಸ್, ಟೊರಾಂಟೊ 4-3 ಮುಂದೆ, ಬೇಕಿದ್ದದ್ದು ಇನ್ನೆರಡು ಔಟ್. ಮಿಗೆಲ್ ರೋಹಾಸ್ ಹೋಮ್ ರನ್ ಹೊಡೆದು ಸಮ ಮಾಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ 36 ವರ್ಷದ ರೋಹಾಸ್‌ನನ್ನು ಈ ಸರಣಿಯಲ್ಲಿ ರಾಬರ್ಟ್ಸ್ ಆರನೇ ಪಂದ್ಯದಿಂದಷ್ಟೇ ಮೊದಲ ಸಾಲಿಗೆ ತಂದಿದ್ದರು. ಆಮೇಲೆ ಜೇಸ್ ಸರದಿ. ಪಿಚರ್ ಯಾರು? ಅದೇ ಬ್ಲೇಕ್ ಸ್ನೆಲ್, ಈಗ ಡಾಡ್ಜರ್ಸ್ ಅಂಗಿಯಲ್ಲಿ. ಇಬ್ಬರು ಬೇಸ್ ಸೇರಿದ ಕೂಡಲೇ ರಾಬರ್ಟ್ಸ್ ಅವನನ್ನು ತೆಗೆದು, ಹಿಂದಿನ ರಾತ್ರಿಯಷ್ಟೇ 96 ಚೆಂಡು ಎಸೆದಿದ್ದ ಯಮಮೊಟೊನನ್ನು ಕರೆದರು. ಅವನ ಎಸೆತ ಒಬ್ಬನಿಗೆ ಬಡಿದು ಬೇಸ್ ಎಲ್ಲ ಭರ್ತಿ. ಆಗ ಸೆಂಟರ್ ಫೀಲ್ಡ್‌ಗೆ ಆ್ಯಂಡಿ ಪಾಹೆಸ್‌ನನ್ನು ಇಳಿಸಿದರು. ಬ್ಯಾಟ್ ಓಡುತ್ತಿಲ್ಲ ಅಂತ ಕೂರಿಸಿದ್ದ ಹುಡುಗ, ಆದರೆ ತೋಳು ಗಟ್ಟಿ. ಮುಂದಿನ ಬ್ಯಾಟರ್ ಹೊಡೆದ ಚೆಂಡನ್ನು ರೋಹಾಸ್ ಹಿಡಿದು ಮುಗ್ಗರಿಸುತ್ತಲೇ ಹೋಮ್‌ಗೆ ಎಸೆದು, ರನ್‌ಗೆ ಓಡಿ ಬರುತ್ತಿದ್ದವನನ್ನು ಕೂದಲೆಳೆಯಲ್ಲಿ ಔಟ್ ಮಾಡಿದ. ಆಮೇಲೆ ಕ್ಲೆಮೆಂಟ್ ಎತ್ತಿ ಹೊಡೆದ ಚೆಂಡನ್ನು ಪಾಹೆಸ್ ಓಡಿ ಬಂದು, ತನ್ನದೇ ಜೊತೆಗಾರನಿಗೆ ಡಿಕ್ಕಿ ಹೊಡೆದು ಹಿಡಿದ. ಹನ್ನೊಂದನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ 5-4ಕ್ಕೆ ಗೆದ್ದಿತು.

ಮೂರು ತೀರ್ಮಾನ, ಮೂರೂ ಫಲಿಸಿದವು. ಅದೃಷ್ಟ ಇಲ್ಲ ಅನ್ನಲ್ಲ. ಆದರೆ ಬೆಂಚಿನ ಮೇಲೆ ಯಾರು ಯಾವುದಕ್ಕೆ ಆಗುತ್ತಾರೆ ಅಂತ ತಿಳಿದವನಿಗೆ ಮಾತ್ರ ಇಂಥ ಅದೃಷ್ಟ. ಈ ಮನುಷ್ಯನಿಗೆ ಪ್ರಶಸ್ತಿ ಬಂದಿದ್ದು ಒಂದೇ ಸಲ, 2016ರಲ್ಲಿ, ಕೆಲಸಕ್ಕೆ ಸೇರಿದ ಮೊದಲ ವರ್ಷ. 2022ರಲ್ಲಿ 111 ಪಂದ್ಯ ಗೆದ್ದರೂ ಕೊಡಲಿಲ್ಲ. ಇಷ್ಟೊಂದು ದುಡ್ಡಿನ ತಂಡ ಯಾರು ನಡೆಸಿದರೂ ಗೆಲ್ಲುತ್ತೆ ಅನ್ನುವವರು, ದುಡ್ಡು ಸುರಿದು ಮುಗ್ಗರಿಸಿದ ತಂಡಗಳ ಕಡೆ ಒಂದ್ಸಲ ತಿರುಗಿ ನೋಡಲಿ. 2025ರ 93 ಗೆಲುವಿಗೆ ರಾಬರ್ಟ್ಸ್‌ಗೆ ನಾನೂ ಮತ ಹಾಕುತ್ತಿರಲಿಲ್ಲ, 2022ರದ್ದು ಮಾತ್ರ ಅನ್ಯಾಯವೇ.

ಕೊನೆಗೆ ನಿಮ್ಮ ಪ್ರಶ್ನೆ: ಮುಂದಿನ ಸಲ ಷ್ನೈಡರ್‌ಗೆ ಸಿಗುತ್ತಾ? ಕಷ್ಟ ಮೇಡಂ. ಸರಣಿ ಮುಗಿದ ತಿಂಗಳೊಳಗೇ ಜೇಸ್ ಮಾಲೀಕರು ಪಿಚರ್ ಡಿಲನ್ ಸೀಸ್‌ಗೆ ಏಳು ವರ್ಷಕ್ಕೆ 21 ಕೋಟಿ ಡಾಲರ್ ಬರೆದುಕೊಟ್ಟರು. ಇನ್ನು ಮೇಲೆ 94 ಗೆದ್ದರೆ "ಗೆಲ್ಲಲೇಬೇಕಿತ್ತಲ್ಲ" ಅನ್ನುತ್ತಾರೆ ಅಷ್ಟೇ. ಈಗಲೇ ಬಾಜಿ ಕಟ್ಟಬೇಕು ಅಂತಿದ್ದರೆ 2025ರಲ್ಲಿ ನಿಮ್ಮ ಗುಂಪಿನಲ್ಲಿ ಕೊನೇ ಸ್ಥಾನಕ್ಕೆ ಬಿದ್ದ ಬಾಲ್ಟಿಮೋರ್ ಕಡೆ ಕಣ್ಣಿಡಿ. ಅಲ್ಲಿಗೆ ಬಂದ ಹೊಸ ಮ್ಯಾನೇಜರ್ ಕ್ರೇಗ್ ಆಲ್ಬರ್ನಾಸ್. 2025ರವರೆಗೂ ಕ್ಲೀವ್‌ಲ್ಯಾಂಡಿನ ಡಗೌಟ್‌ನಲ್ಲಿ ವೋಗ್ಟ್ ಪಕ್ಕ ನಿಂತಿದ್ದವರು.

– ಸಂ.